ಚಿಪ್ ಗಟ್ಟಿ ಇದ್ರೆ ಸಾಕಾ? ಉಪಗ್ರಹದೊಳಗಿನ ಎಫ್‌ಪಿಜಿಎ ಬಗ್ಗೆ ಮಂಗಳೂರಲ್ಲಿ ಆಡಿದ ಮಾತು

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಎಫ್‌ಪಿಜಿಎ, ಅಂದ್ರೆ ಒಳಗೆ ಯಾವ ಸರ್ಕ್ಯೂಟ್ ಆಗ್ಬೇಕು ಅಂತ ಕೊಂಡ ಮೇಲೆ ನಾವೇ ಬರೆಯುವ ಚಿಪ್, ಅದು ಉಪಗ್ರಹದಲ್ಲಿ ವಿಕಿರಣಕ್ಕೆ ಸಿಕ್ಕಿದ್ರೆ ಎಂತ ಆಗ್ತದೆ ಅಂತ. ಮುಂದೆ ಕೂತವರು ಹೆಚ್ಚಿನವರು ಇಲೆಕ್ಟ್ರಾನಿಕ್ಸ್ ಓದುವ ಮಕ್ಕಳು, ಹಿಂದಿನ ಸಾಲಲ್ಲಿ ಬ್ಯಾಂಕಿಂದ ರಿಟೈರ್ ಆದವರು, ಶಾಲೆ ಮೇಷ್ಟ್ರುಗಳು ಇದ್ದಾರೆ ಅಂತ ಆಯೋಜಕರು ಹೇಳಿದ್ರು, ಹಾಗಾಗಿ ಇಬ್ರಿಗೂ ಆಗುವ ಹಾಗೆ ಮಾತಾಡ್ಲಿಕ್ಕೆ ನೋಡ್ತೇನೆ, ನಡುವೆ ಯಾರಿಗಾದ್ರೂ ತಲೆ ಬಿಸಿ ಆದ್ರೆ ಹೊರಗೆ ಚಾ ಉಂಟು, ಬೇಜಾರಿಲ್ಲ.

ಯು.ಆರ್. ರಾವ್ ಅವರ ಹೆಸ್ರು ಈ ಊರಲ್ಲಿ ಗೊತ್ತಿಲ್ಲದವರಿಲ್ಲ. ಉಡುಪಿ ಕಡೆಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದವರು, ಆರ್ಯಭಟ ಉಪಗ್ರಹವನ್ನು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿಸಿ 1975ರ ಏಪ್ರಿಲ್ 19ಕ್ಕೆ ಹಾರಿಸಿದವರು. ಆದ್ರೆ ಅದಕ್ಕಿಂತ ಮೊದ್ಲು ಅವರು ಎಂತ ಓದ್ತಿದ್ರು ಅಂತ ಕೇಳಿದ್ರೆ ಹೆಚ್ಚಿನವರು ಸುಮ್ಮನಾಗ್ತಾರೆ. ಕಾಸ್ಮಿಕ್ ಕಿರಣ! ವಿಕ್ರಮ್ ಸಾರಾಭಾಯಿ ಹತ್ರ ಅಹ್ಮದಾಬಾದಲ್ಲಿ ಅದೇ ವಿಷಯದಲ್ಲಿ ಡಾಕ್ಟರೇಟ್ ಮಾಡಿ, ಆಮೇಲೆ ಅಮೆರಿಕಕ್ಕೆ ಹೋಗಿ ಮ್ಯಾರಿನರ್-2 ನೌಕೆ ಕಳಿಸಿದ ಡೇಟಾ ಇಟ್ಟುಕೊಂಡು ಸೌರ ಮಾರುತದ ಮೇಲೆ ಕೆಲಸ ಮಾಡಿದ್ರು. ಅಂದ್ರೆ ಉಪಗ್ರಹದ ಚಿಪ್ಪುಗಳಿಗೆ ಕಾಟ ಕೊಡುವ ಕಣಗಳನ್ನೇ ವರ್ಷಗಟ್ಟಲೆ ಅಳೆದು, ಆಮೇಲೆ ಉಪಗ್ರಹ ಕಟ್ಲಿಕ್ಕೆ ಕೂತ ಮನುಷ್ಯ. ಇವತ್ತು ನಾವು ಇದನ್ನು ಉಲ್ಟಾ ಮಾಡ್ತೇವೆ, ಬೋರ್ಡ್ ಡಿಸೈನ್ ಎಲ್ಲ ಮುಗಿದ ಮೇಲೆ "ರೇಡಿಯೇಶನ್ನಿಗೆ ಎಂತ ಮಾಡುವ?" ಅಂತ ಕೇಳ್ತೇವೆ. ನನ್ನ ಇವತ್ತಿನ ತಕರಾರು ಮುಖ್ಯವಾಗಿ ಇದೇ.

ಮೊದ್ಲು ಮೇಲೆ ಎಂತ ಉಂಟು ಅಂತ ನೋಡುವ. ಭೂಮಿ ಸುತ್ತ ಪ್ರೋಟಾನು ಇಲೆಕ್ಟ್ರಾನುಗಳು ಸಿಕ್ಕಿ ಹಾಕಿಕೊಂಡ ಪಟ್ಟಿಗಳುಂಟು, 1958ರಲ್ಲಿ ಎಕ್ಸ್‌ಪ್ಲೋರರ್-1ರ ಡೇಟಾದಲ್ಲಿ ಜೇಮ್ಸ್ ವ್ಯಾನ್ ಆಲನ್ ಕಂಡು ಹಿಡಿದದ್ದು. ಅದು ಬಿಟ್ರೆ ಸೂರ್ಯ ಸಿಟ್ಟು ಬಂದಾಗ ಉಗುಳುವ ಪ್ರೋಟಾನುಗಳು. ಮೂರನೇದು ನಕ್ಷತ್ರಗಳ ಕಡೆಯಿಂದ ಬರುವ ಕಾಸ್ಮಿಕ್ ಕಿರಣ, ಲೆಕ್ಕದಲ್ಲಿ ಕಮ್ಮಿ ಆದ್ರೆ ಅದ್ರಲ್ಲಿ ಕಬ್ಬಿಣದಂಥ ಭಾರದ ನ್ಯೂಕ್ಲಿಯಸ್ ಕೂಡ ಇರ್ತದೆ, ಅಲ್ಯೂಮಿನಿಯಂ ಪೆಟ್ಟಿಗೆ ಎಲ್ಲ ಅದಕ್ಕೆ ಲೆಕ್ಕಕ್ಕೇ ಇಲ್ಲ, ತೂರಿಕೊಂಡು ಹೋಗ್ತದೆ. ಬ್ರೆಜಿಲ್ ಆಚೀಚೆ ಒಂದು ಜಾಗ ಉಂಟು, ಅಲ್ಲಿ ಭೂಮಿಯ ಕಾಂತಕ್ಷೇತ್ರ ದುರ್ಬಲ, ಒಳಗಿನ ಪಟ್ಟಿ ತುಂಬ ಕೆಳಗೆ ಇಳಿದು ಬರ್ತದೆ, ಹಬಲ್ ಟೆಲಿಸ್ಕೋಪ್ ಅದರ ಮೇಲಿಂದ ಹಾದು ಹೋಗುವಾಗ ವೀಕ್ಷಣೆಯನ್ನೇ ನಿಲ್ಲಿಸಬೇಕಾಗ್ತದೆ. ಕೆಳ ಕಕ್ಷೆಯ ಉಪಗ್ರಹದಲ್ಲಿ ಬಿಟ್ ತಪ್ಪಿದ ಜಾಗಗಳನ್ನು ಭೂಪಟದ ಮೇಲೆ ಚುಕ್ಕಿ ಇಟ್ರೆ ದಕ್ಷಿಣ ಅಟ್ಲಾಂಟಿಕ್ ಮೇಲೆ ದೊಡ್ಡ ಕಲೆಯೇ ಬೀಳ್ತದೆ.

ಇನ್ನು ಚಿಪ್ಪಿಗೆ ಎಂತ ಆಗ್ತದೆ. ಒಂದು, ನಿಧಾನಕ್ಕೆ ಸಾಯುದು. ಆಕ್ಸೈಡ್ ಪದರದಲ್ಲಿ ಚಾರ್ಜ್ ಸಿಕ್ಕಿಕೊಂಡು ಕೂತು ವರ್ಷ ಹೋದ ಹಾಗೆ ಟ್ರಾನ್ಸಿಸ್ಟರ್ ಆನ್ ಆಗುವ ವೋಲ್ಟೇಜ್ ಜಾರ್ತದೆ, ಲೀಕೇಜ್ ಏರ್ತದೆ, ಒಂದು ದಿನ ನಿಲ್ತದೆ. ಇದನ್ನು ಒಟ್ಟು ಡೋಸ್ ಅಂತ ಕಿಲೋರ್ಯಾಡ್‌ನಲ್ಲಿ ಅಳೀತಾರೆ, ಸ್ಪೇಸ್ ಗ್ರೇಡ್ ಎಫ್‌ಪಿಜಿಎಗಳಿಗೆ 100 ಕಿಲೋರ್ಯಾಡ್ ಅಂತ ಸಾಮಾನ್ಯವಾಗಿ ಬರೆದಿರ್ತದೆ, ಅಂದ್ರೆ ವಿಕಿರಣದ ಇನ್ನೊಂದು ಅಳತೆಯಲ್ಲಿ 1000 ಗ್ರೇ. ಮನುಷ್ಯನಿಗೆ ಇಡೀ ಮೈಗೆ ಒಮ್ಮೆಲೇ 4-5 ಗ್ರೇ ಬಿದ್ರೆ, ಚಿಕಿತ್ಸೆ ಇಲ್ಲದಿದ್ರೆ, ಬದುಕುದು ಅರ್ಧಕ್ಕರ್ಧ ಜನ ಅಷ್ಟೇ. ಇದಕ್ಕೆ ಹಳೇ ಉದಾಹರಣೆ ಟೆಲ್‌ಸ್ಟಾರ್. 1962ರ ಜುಲೈ 9ಕ್ಕೆ ಅಮೆರಿಕದವರು ಪೆಸಿಫಿಕ್ ಮೇಲೆ ಸುಮಾರು 400 ಕಿ.ಮೀ. ಎತ್ತರದಲ್ಲಿ ಅಣುಬಾಂಬ್ ಸಿಡಿಸಿದ್ರು, ಮರುದಿವಸವೇ ಅವರದ್ದೇ ದೇಶದ ಹೊಸ ಸಂವಹನ ಉಪಗ್ರಹ ಟೆಲ್‌ಸ್ಟಾರ್ ಹಾರಿತು, ಆ ಸ್ಫೋಟದಿಂದ ಹುಟ್ಟಿದ ಇಲೆಕ್ಟ್ರಾನುಗಳ ನಡುವೆ ಸುತ್ತಿ ಸುತ್ತಿ ಅದರ ಟ್ರಾನ್ಸಿಸ್ಟರುಗಳು ಸೊರಗಿ 1963ರ ಫೆಬ್ರವರಿಯಲ್ಲಿ ಮೌನ ಆಯ್ತು. ಎಡಗೈ ಮಾಡಿದ್ದು ಬಲಗೈಗೆ ಗೊತ್ತಿಲ್ಲದಿದ್ರೆ ಹೀಗೆಯೇ.

ಎರಡನೇದು, ಒಂದೇ ಒಂದು ಕಣ ಬಂದು ಒಂದು ಬಿಟ್ಟನ್ನು ತಿರುಗಿಸಿ ಹೋಗುದು. ಸೊನ್ನೆ ಇದ್ದದ್ದು ಒಂದು ಆಗ್ತದೆ, ಚಿಪ್ಪಿಗೆ ಗಾಯ ಇಲ್ಲ, ಮಾಹಿತಿ ಮಾತ್ರ ಸುಳ್ಳು. ಉಪಗ್ರಹದಲ್ಲಿ ಹೀಗೆ ಆಗ್ತದೆ ಅಂತ ಮೊದ್ಲು ಪ್ರಬಂಧ ಬಂದದ್ದು 1975ರಲ್ಲಿ. ತಮಾಷೆ ಎಂತ ಅಂದ್ರೆ ಇದಕ್ಕೆ ಮೇಲೆ ಹೋಗ್ಲೇಬೇಕು ಅಂತ ಇಲ್ಲ. 1978ರಲ್ಲಿ ಇಂಟೆಲ್ ಕಂಪೆನಿಯ ಮೇ ಮತ್ತು ವುಡ್ಸ್ ಅನ್ನುವ ಇಬ್ರು, ಮೆಮೊರಿ ಚಿಪ್ಪುಗಳು ಸುಮ್ಮಸುಮ್ಮನೆ ಬಿಟ್ ತಪ್ಪುದಕ್ಕೆ ಅದರ ಪ್ಯಾಕೇಜಿನಲ್ಲೇ ಇದ್ದ ಚೂರು ಯುರೇನಿಯಂ, ಥೋರಿಯಂ ಬಿಡುವ ಆಲ್ಫಾ ಕಣ ಕಾರಣ ಅಂತ ತೋರಿಸಿದ್ರು. ಥೋರಿಯಂ ನಮ್ಗೆ ಹೊಸ್ತಲ್ಲ, ಉಳ್ಳಾಲದ ಕಡಲ ಮರಳಲ್ಲಿ ಮೊನಾಜೈಟ್ ಉಂಟು, ಅಲ್ಲಿಯ ಸಹಜ ವಿಕಿರಣ ಬೇರೆ ಕಡೆಗಿಂತ ಜಾಸ್ತಿ ಅಂತ ನಮ್ಮ ಯೂನಿವರ್ಸಿಟಿಯವರು ಅಳೆದು ಬರೆದಿದ್ದಾರೆ. (ಇಲ್ಲಿ ಒಬ್ರು ಅಮ್ಮ ಕೈ ಎತ್ತಿ "ಹಾಗಾದ್ರೆ ಉಳ್ಳಾಲಕ್ಕೆ ಫೋನ್ ತಕೊಂಡು ಹೋಗ್ಬಾರ್ದಾ?" ಅಂತ ಕೇಳಿದ್ರು. ಹೋಗ್ಬಹುದು ಅಮ್ಮ, ಆಲ್ಫಾ ಕಣ ಒಂದು ಕಾಗದ ದಾಟುದಿಲ್ಲ, ಚಿಪ್ಪಿನ ಒಳಗೇ ಇದ್ರೆ ಮಾತ್ರ ಸಮಸ್ಯೆ. ಫೋನಿಗೆ ಮರಳು ಹೋದ್ರೆ ಅದು ಬೇರೆ ಕತೆ.)

2003ರಲ್ಲಿ ಬೆಲ್ಜಿಯಂನ ಸ್ಕಾರ್ಬೇಕ್ ಅನ್ನುವಲ್ಲಿ ಇಲೆಕ್ಷನ್ ಯಂತ್ರದಲ್ಲಿ ಒಬ್ಬ ಅಭ್ಯರ್ಥಿಗೆ ಬರ್ಲಿಕ್ಕೇ ಸಾಧ್ಯ ಇಲ್ಲದಷ್ಟು ಮತ ಬಂತು, ಹೆಚ್ಚಾದದ್ದು ಸರಿಯಾಗಿ 4096. ಅದು ಎರಡರ ಹನ್ನೆರಡನೇ ಘಾತ, ಅಂದ್ರೆ ಒಂದೇ ಬಿಟ್ ತಿರುಗಿದ ಹಾಗೆ. ಕಣವೇ ಕಾರಣ ಅಂತ ಯಾರೂ ಸಾಬೀತು ಮಾಡ್ಲಿಲ್ಲ, ಸಾಬೀತು ಮಾಡ್ಲಿಕ್ಕೆ ಆಗುದೂ ಇಲ್ಲ, ಕಣ ಬಂದ ದಾರಿಗೆ ಸುಂಕ ಇಲ್ಲ ಅಂತ ಹೋಗಿ ಆಗಿರ್ತದೆ. ಮೊನ್ನೆಮೊನ್ನೆ, 2025ರ ಅಕ್ಟೋಬರ್ 30ಕ್ಕೆ, ಮೆಕ್ಸಿಕೋದಿಂದ ಅಮೆರಿಕಕ್ಕೆ ಹೋಗ್ತಿದ್ದ ಏರ್‌ಬಸ್ ಎ320 ವಿಮಾನ ಪೈಲಟ್ ಹೇಳದೆಯೇ ಮೂಗು ತಗ್ಗಿಸಿತು. ತೀವ್ರ ಸೌರ ವಿಕಿರಣದಿಂದ ಹಾರಾಟದ ಕಂಪ್ಯೂಟರಿನ ಡೇಟಾ ಕೆಡಬಹುದು ಅಂತ ಏರ್‌ಬಸ್ ಹೇಳಿ, ನವೆಂಬರ್ ಕೊನೆಗೆ ಲೋಕದಾದ್ಯಂತ ಸುಮಾರು 6000 ವಿಮಾನಗಳ ಸಾಫ್ಟ್‌ವೇರ್ ಸರಿ ಮಾಡಿಸಿತು. ನಮ್ಮ ದೇಶದ ವಿಮಾನಗಳೂ ಅದ್ರಲ್ಲಿದ್ವು. ಆ ದಿವಸ ಟಿವಿಯಲ್ಲಿ ಬೊಬ್ಬೆಯೋ ಬೊಬ್ಬೆ, ಆದ್ರೆ ಈ ಕೆಲಸದಲ್ಲಿ ಇರುವವರಿಗೆ ಅದು ಹಳೇ ಪರಿಚಯದವರೇ.

ಮೂರನೇದು ಲ್ಯಾಚಪ್. ಕಣ ಹೊಡೆದ ಕೂಡ್ಲೆ ಚಿಪ್ಪಿನ ಒಳಗೆ ಸಪ್ಲೈಯಿಂದ ಗ್ರೌಂಡಿಗೆ ಶಾರ್ಟ್ ಆದ ಹಾಗೆ ಒಂದು ದಾರಿ ತೆರೆದುಕೊಳ್ತದೆ, ಪವರ್ ತೆಗೆಯುವ ತನಕ ಮುಚ್ಚುದಿಲ್ಲ, ಹಾಗೇ ಬಿಟ್ರೆ ಸುಟ್ಟು ಹೋಗ್ತದೆ. ಇದನ್ನು ನೆನಪಿಡಿ, ಕೊನೆಗೆ ಬೇಕಾಗ್ತದೆ.

ಈಗ ಎಫ್‌ಪಿಜಿಎ. ಗೊತ್ತಿಲ್ಲದವರಿಗೆ ಹೇಳುದಾದ್ರೆ, ಯಕ್ಷಗಾನದ ಮೇಳ ಉಂಟಲ್ಲ, ರಂಗಸ್ಥಳ ಅದೇ, ಚೆಂಡೆ ಮದ್ದಳೆ ಅದೇ, ವೇಷದವರೂ ಅವರೇ, ಆದ್ರೆ ಇವತ್ತು ಒಂದು ಪ್ರಸಂಗ ನಾಳೆ ಇನ್ನೊಂದು, ಯಾರು ರಾಜ ಯಾರು ರಾಕ್ಷಸ ಅಂತ ಪ್ರಸಂಗ ನೋಡಿ ತೀರ್ಮಾನ ಆಗುದು. ಎಫ್‌ಪಿಜಿಎಯಲ್ಲಿ ಸಾವಿರಾರು ಪುಟ್ಟ ಲಾಜಿಕ್ ಬ್ಲಾಕ್, ನಡುವೆ ತಂತಿಗಳು, ಯಾವ ಬ್ಲಾಕ್ ಎಂತ ಮಾಡ್ಬೇಕು, ಯಾವುದು ಯಾವುದಕ್ಕೆ ಸೇರ್ಬೇಕು ಅಂತ ಹೇಳುದು ಕಾನ್ಫಿಗರೇಶನ್ ಅನ್ನುವ ಫೈಲ್. ಪ್ರೊಸೆಸರಿನಲ್ಲಿ ಸಾಫ್ಟ್‌ವೇರ್ ಓಡ್ತದೆ, ಇದ್ರಲ್ಲಿ ಸರ್ಕ್ಯೂಟೇ ಬದಲಾಗ್ತದೆ. 1985ರಲ್ಲಿ ಝೈಲಿಂಕ್ಸ್ ಕಂಪೆನಿ ಮಾರ್ಕೆಟಿಗೆ ತಂದ ಮೊದಲನೇದ್ರಲ್ಲಿ ಇದ್ದದ್ದು 64 ಬ್ಲಾಕ್, ಇವತ್ತು ಲಕ್ಷಗಟ್ಟಲೆ.

ಉಪಗ್ರಹದವರಿಗೆ ಇದು ಎಂತಕ್ಕೆ ಬೇಕು ಅಂದ್ರೆ ಸರಳ ಉಂಟು, ಅವರಿಗೆ ಬೇಕಾದ್ದು ಹತ್ತೋ ಇಪ್ಪತ್ತೋ ಚಿಪ್, ಅಷ್ಟಕ್ಕೆ ಫ್ಯಾಬಿನಲ್ಲಿ, ಅಂದ್ರೆ ಚಿಪ್ ಕಾರ್ಖಾನೆಯಲ್ಲಿ, ಮಾಸ್ಕ್ ಅನ್ನುವ ಅಚ್ಚು ಮಾಡಿಸಿ ಸ್ವಂತ ಚಿಪ್ ಮಾಡಿಸುದು ಅಂದ್ರೆ ಕಾಸೂ ಮುಗೀತದೆ ಸಮಯವೂ ಮುಗೀತದೆ. ಮತ್ತೆ ಕ್ಯಾಮೆರಾ ಚಿತ್ರ ಕುಗ್ಗಿಸುದು, ರೇಡಾರ್ ಲೆಕ್ಕ, ನಕ್ಷತ್ರ ನೋಡಿ ದಿಕ್ಕು ಹೇಳುವ ಸ್ಟಾರ್ ಟ್ರ್ಯಾಕರ್, ಮೋಟಾರು ಕಂಟ್ರೋಲ್ ಇದೆಲ್ಲ ಒಟ್ಟೊಟ್ಟಿಗೆ ಆಗ್ಬೇಕಾದ ಕೆಲಸ, ಸ್ಪೇಸಿಗೆ ಹೋಗುವ ಪ್ರೊಸೆಸರುಗಳು ತುಂಬ ನಿಧಾನ. ಮಂಗಳ ಗ್ರಹದ ಕ್ಯೂರಿಯಾಸಿಟಿ ರೋವರಿನ ಪ್ರೊಸೆಸರ್ ಓಡುದು 200 ಮೆಗಾಹರ್ಟ್ಸ್ ಒಳಗೆ, ನಿಮ್ಮ ಕಿಸೆಯ ಹಳೇ ಫೋನೂ ಅದಕ್ಕಿಂತ ಜೋರು.

ಆದ್ರೆ ಇಲ್ಲೇ ತೊಂದರೆ ಶುರು ಆಗುದು. ಸಾಮಾನ್ಯ ಮೆಮೊರಿಯಲ್ಲಿ ಬಿಟ್ ತಿರುಗಿದ್ರೆ ಒಂದು ಸಂಖ್ಯೆ ತಪ್ಪಾಗ್ತದೆ. ಎಫ್‌ಪಿಜಿಎಯ ಕಾನ್ಫಿಗರೇಶನ್ ಬಿಟ್ ತಿರುಗಿದ್ರೆ ಸರ್ಕ್ಯೂಟೇ ಬೇರೆ ಆಗ್ತದೆ, ಆಂಡ್ ಗೇಟ್ ಇದ್ದದ್ದು ಇನ್ನೆಂತದೋ ಆಗ್ತದೆ, ಒಂದು ತಂತಿ ಕಡಿದು ಹೋಗ್ತದೆ, ರೀಸೆಟ್ ಮಾಡಿದ್ರೂ ಹೋಗುದಿಲ್ಲ, ಯಾರಾದ್ರೂ ಬಂದು ಆ ಬಿಟ್ಟನ್ನು ಸರಿ ಬರೆಯುವ ತನಕ ಹಾಗೇ ಇರ್ತದೆ. ಸಮಾಧಾನ ಎಂತ ಅಂದ್ರೆ ಆ ಫೈಲಿನ ಬಿಟ್ಟುಗಳಲ್ಲಿ ದೊಡ್ಡ ಪಾಲು ನಿಮ್ಮ ಡಿಸೈನ್ ಬಳಸುದೇ ಇಲ್ಲ, ತಿರುಗಿದ್ರೂ ಯಾರಿಗೂ ಗೊತ್ತಾಗುದಿಲ್ಲ.

ಹಾಗಾಗಿ ಕಾನ್ಫಿಗರೇಶನ್ನನ್ನು ಎಲ್ಲಿ ಇಡುದು ಅನ್ನುದ್ರ ಮೇಲೆ ಮೂರು ಜಾತಿ. ಆಂಟಿಫ್ಯೂಸ್ ಅನ್ನುದ್ರಲ್ಲಿ ಕರೆಂಟ್ ಕೊಟ್ಟು ಸಂಪರ್ಕವನ್ನು ಶಾಶ್ವತವಾಗಿ ಮಾಡಿ ಬಿಡುದು, ಒಮ್ಮೆ ಬರೆದ್ರೆ ಮುಗೀತು, ಕಣ ಬಂದು ಹೊಡೆದ್ರೂ ಕಾನ್ಫಿಗರೇಶನ್ ಅಲುಗಾಡುದಿಲ್ಲ. ಆಕ್ಟೆಲ್ ಕಂಪೆನಿಯ ಇಂಥ ಚಿಪ್ಪುಗಳು ಎಷ್ಟೋ ಉಪಗ್ರಹದಲ್ಲಿ ಹಾರಿವೆ, ಆ ಕಂಪೆನಿಯನ್ನು 2010ರಲ್ಲಿ ಮೈಕ್ರೋಸೆಮಿ ತಕೊಂಡಿತು, ಮೈಕ್ರೋಸೆಮಿಯನ್ನು 2018ರಲ್ಲಿ ಮೈಕ್ರೋಚಿಪ್ ತಕೊಂಡಿತು, ಡೇಟಾಶೀಟ್ ಹುಡುಕುವವರಿಗೆ ಒಟ್ರಾಶಿ ಗೊಂದಲ. ಎರಡನೇದು ಫ್ಲ್ಯಾಷ್, ಪೆನ್‌ಡ್ರೈವಿನಲ್ಲಿ ಇರುವಂಥ ಮೆಮೊರಿ, ಅದೇ ಕಂಪೆನಿಯ ಆರ್‌ಟಿಜಿ4 ಇದೆಯಲ್ಲ ಅದು ಈ ಜಾತಿ, ಕಾನ್ಫಿಗರೇಶನ್ ಗಟ್ಟಿ, ಮತ್ತೆ ಬರೀಲಿಕ್ಕೂ ಆಗ್ತದೆ, ಆದ್ರೆ ಬರೆಯುವಾಗ ಚಿಪ್ಪಿನ ಒಳಗೆ ಹೆಚ್ಚಿನ ವೋಲ್ಟೇಜ್ ಬೇಕಾಗ್ತದೆ, ಆ ಹೊತ್ತಿಗೆ ಕಣ ಬಂದು ಬಡಿದ್ರೆ ಅಪಾಯ, ಹಾಗಾಗಿ ಮೇಲೆ ಹೋದ ಮೇಲೆ ಬರೆಯುದು ಅಂದ್ರೆ ಎಲ್ಲರಿಗೂ ಸ್ವಲ್ಪ ಹೆದ್ರಿಕೆ. ಮೂರನೇದು ಎಸ್‌ರ‍್ಯಾಮ್, ಪವರ್ ಇದ್ದಷ್ಟು ಹೊತ್ತು ಮಾತ್ರ ನೆನಪಿಡುವ ಮೆಮೊರಿ, ಇದು ದೊಡ್ಡದು, ಜೋರು, ಎಷ್ಟು ಸಲ ಬೇಕಾದ್ರೂ ಪ್ರಸಂಗ ಬದಲಿಸಬಹುದು, ಆದ್ರೆ ಕಾನ್ಫಿಗರೇಶನ್ನೇ ಮೆತ್ತಗೆ. ಇದ್ರಲ್ಲೂ ಎರಡು ದಾರಿ ಉಂಟು. ಝೈಲಿಂಕ್ಸ್‌ನ ವರ್ಟೆಕ್ಸ್-5ಕ್ಯೂವಿಯಲ್ಲಿ ಮೆಮೊರಿ ಕೋಶವನ್ನೇ ಬೇರೆ ನಮೂನೆ ಕಟ್ಟಿ ಗಟ್ಟಿ ಮಾಡಿದ್ದಾರೆ, ಒಟ್ಟು ಡೋಸ್ ಹತ್ತು ಲಕ್ಷ ರ್ಯಾಡ್ ತನಕ. ಅದರ ನಂತ್ರ 2020ರಲ್ಲಿ ಬಂದ 20 ನ್ಯಾನೋಮೀಟರಿನ ಕಿಂಟೆಕ್ಸ್ ಅಲ್ಟ್ರಾಸ್ಕೇಲ್ ಸ್ಪೇಸ್ ಚಿಪ್ಪಿನಲ್ಲಿ ಹಾಗೆ ಮಾಡ್ಲಿಲ್ಲ, ಕಮರ್ಷಿಯಲ್ ಡಿಸೈನನ್ನೇ ಗಟ್ಟಿ ಪ್ಯಾಕೇಜಿಗೆ ಹಾಕಿ, ಟೆಸ್ಟ್ ಮಾಡಿ, "ಬಿಟ್ ತಿರುಗ್ತದೆ, ನೀವು ನೋಡಿಕೊಳ್ಳಿ" ಅಂತ ಕೊಟ್ಟಿದ್ದಾರೆ. ಯುರೋಪಿನಲ್ಲಿ ಫ್ರಾನ್ಸಿನ ನ್ಯಾನೋಎಕ್ಸ್‌ಪ್ಲೋರ್ ಕಂಪೆನಿ ಬೇರೆ ಸರಣಿ ಮಾಡ್ತಾ ಉಂಟು, ಅಮೆರಿಕದ ರಫ್ತು ಲೈಸೆನ್ಸಿನ ರಗಳೆ ಬೇಡ ಅನ್ನುವವರಿಗೆ ಅದು ಒಂದು ದಾರಿ.

ಇಷ್ಟು ಕೇಳಿದ ಮೇಲೆ ಮಕ್ಕಳು ಕೇಳುವ ಪ್ರಶ್ನೆ ಒಂದೇ, ಇದ್ರಲ್ಲಿ ಯಾವುದು ಬೆಸ್ಟ್ ಸಾರ್? ಹಾಗೆ ಕೇಳ್ಬಾರ್ದು. ಕೇಳ್ಬೇಕಾದ್ದು: ನಿನ್ನ ಸರ್ಕ್ಯೂಟಿನ ಈ ಬಿಟ್ ತಿರುಗಿದ್ರೆ ಎಂತ ಆಗ್ತದೆ, ಎಷ್ಟು ಹೊತ್ತು ಆಗ್ತದೆ, ಆ ಹೊತ್ತು ನಿನಗೆ ತಡ್ಕೊಳ್ಳಿಕ್ಕೆ ಆಗ್ತದಾ? ಕ್ಯಾಮೆರಾದ ಚಿತ್ರದಲ್ಲಿ ಒಂದು ಸಾಲು ಹಾಳಾದ್ರೆ ಮುಂದಿನ ಸುತ್ತಿಗೆ ಮತ್ತೆ ತೆಗೆದ್ರಾಯ್ತು, ಅದಕ್ಕೆ ಕೋಟಿ ಸುರಿಯುದು ಪೊಕ್ಕಡೆ. ಅದೇ ಥ್ರಸ್ಟರಿನ ವಾಲ್ವ್ ತೆರೆಯುವ ಸಿಗ್ನಲ್ ಆದ್ರೆ ಅರ್ಧ ಸೆಕೆಂಡೂ ದೊಡ್ಡದು.

ಮಂಗಳ ಗ್ರಹಕ್ಕೆ ಹೋದವರು ಇದನ್ನು ಹೇಗೆ ಮಾಡಿದ್ರು ಅಂತ ನೋಡಿ. 2004ರ ಜನವರಿಯಲ್ಲಿ ಇಳಿದ ಸ್ಪಿರಿಟ್, ಆಪರ್ಚುನಿಟಿ ರೋವರುಗಳಲ್ಲಿ ಎಸ್‌ರ‍್ಯಾಮ್ ಜಾತಿಯ ಝೈಲಿಂಕ್ಸ್ ಚಿಪ್ಪುಗಳೇ ಇದ್ದದ್ದು, ಚಕ್ರದ ಮತ್ತು ಕೈಯ ಮೋಟಾರು ನೋಡಿಕೊಳ್ಳಿಕ್ಕೆ. 2021ರ ಫೆಬ್ರವರಿಯಲ್ಲಿ ಇಳಿದ ಪರ್ಸೆವಿರೆನ್ಸ್‌ನಲ್ಲಿ ವರ್ಟೆಕ್ಸ್-5ಕ್ಯೂವಿ. ಇಳಿಯುವಾಗ ಕೆಳಗಿನ ನೆಲದ ಫೋಟೋ ತೆಗೆದು ಮೊದಲೇ ಇಟ್ಟುಕೊಂಡ ನಕ್ಷೆಗೆ ಹೋಲಿಸಿ ಎಲ್ಲಿದ್ದೇನೆ ಅಂತ ಹೇಳುವ ಲೆಕ್ಕ ಅದರದ್ದು, ಇಳಿದಾದ ಮೇಲೆ ಅದೇ ಚಿಪ್ಪಿಗೆ ಬೇರೆ ಕಾನ್ಫಿಗರೇಶನ್ ಹಾಕಿ ರೋವರ್ ಓಡಿಸುವಾಗಿನ ಚಿತ್ರದ ಲೆಕ್ಕಕ್ಕೆ ಹಚ್ಚಿದ್ರು. ಅದೇ ರೋವರಿನ ಹೊಟ್ಟೆಗೆ ಕಟ್ಟಿ ಕಳಿಸಿದ ಇಂಜೆನ್ಯುಯಿಟಿ ಹೆಲಿಕಾಪ್ಟರ್ ನೋಡಿ, ಅದ್ರ ಮುಖ್ಯ ಕಂಪ್ಯೂಟರ್ ಫೋನಿಗೆ ಹಾಕುವ ಸ್ನ್ಯಾಪ್‌ಡ್ರ್ಯಾಗನ್ 801, ವಿಕಿರಣಕ್ಕೆ ಅಂತ ಮಾಡಿದ್ದೇ ಅಲ್ಲ. ಅದ್ರ ಕೆಳಗೆ ಎರಡು ಕಂಟ್ರೋಲರ್, ಅವೂ ಕಾರಿಗೆ ಹಾಕುವಂಥವು, ಒಂದು ತಪ್ಪಿದ್ರೆ ಇನ್ನೊಂದಕ್ಕೆ ಕೊಡುವ ಯಜಮಾನಿಕೆ ಒಂದು ಫ್ಲ್ಯಾಷ್ ಎಫ್‌ಪಿಜಿಎಗೆ. ಐದು ಸಲ ಹಾರಿದ್ರೆ ಸಾಕು ಅಂತ ಕಳಿಸಿದ್ದು 72 ಸಲ ಹಾರಿತು. ಒಂದೇ ಮಿಷನ್, ಒಂದೇ ವಿಕಿರಣ, ಒಂದು ಕಡೆ ಅತಿ ದುಬಾರಿ ಚಿಪ್, ಇನ್ನೊಂದು ಕಡೆ ಫೋನಿನ ಚಿಪ್, ಎರಡೂ ಸರಿಯಾದ ತೀರ್ಮಾನವೇ.

ಎಸ್‌ರ‍್ಯಾಮ್ ಚಿಪ್ಪಿನಲ್ಲಿ ಬಿಟ್ ತಿರುಗುದನ್ನು ತಡ್ಕೊಳ್ಳುದು ಹೇಗೆ? ಒಂದು, ಸ್ಕ್ರಬ್ಬಿಂಗ್. ಕಾನ್ಫಿಗರೇಶನ್ನನ್ನು ಚಿಪ್ ಓಡ್ತಿರುವಾಗಲೇ ಮತ್ತೆ ಮತ್ತೆ ಓದಿ, ತಪ್ಪಿದ್ದಲ್ಲಿ ಗಟ್ಟಿ ಮೆಮೊರಿಯಲ್ಲಿ ಇಟ್ಟ ಮೂಲ ಪ್ರತಿಯಿಂದ ಸರಿ ಬರೆಯುದು. ಇದನ್ನು ಅದೇ ಚಿಪ್ಪಿನ ಒಳಗೆ ಕೂತು ಮಾಡ್ಬಹುದು, ಹೊರಗಿನ ಇನ್ನೊಂದು ಗಟ್ಟಿ ಚಿಪ್ಪಿನಿಂದಲೂ ಮಾಡ್ಬಹುದು, ನನ್ನ ಓಟು ಹೊರಗಿನದಕ್ಕೆ, ಕಳ್ಳನ ಕೈಗೇ ಬೀಗದ ಕೈ ಕೊಡುದು ಬೇಡ. ಎರಡನೇದು ಟಿಎಂಆರ್, ಒಂದೇ ಲಾಜಿಕ್ಕನ್ನು ಮೂರು ಸಲ ಇಟ್ಟು ಬಹುಮತಕ್ಕೆ ಬಿಡುದು. ಬಹುಮತ ನೋಡುವ ವೋಟರ್ ಒಂದೇ ಇದ್ರೆ ಅದೇ ಕೆಡಬಹುದು, ಅದನ್ನೂ ಮೂರು ಮಾಡ್ಬೇಕು, ಸರ್ಕ್ಯೂಟಿಗೆ ತಾಳ ಹಾಕುವ ಕ್ಲಾಕೂ ಮೂರು, ರೀಸೆಟ್ಟೂ ಮೂರು, ಎಣಿಸ್ತಾ ಕೂರುವ ಕೌಂಟರ್ ಆದ್ರೆ ವೋಟರಿನ ಉತ್ತರವನ್ನು ಹಿಂದಕ್ಕೆ ಕೊಡ್ಬೇಕು, ಇಲ್ಲದಿದ್ರೆ ತಪ್ಪಿದವ ಸರಿಯಾಗುದೇ ಇಲ್ಲ, ಇನ್ನೊಂದು ಕಣ ಬಂದ ದಿವಸ ಬಹುಮತ ತಪ್ಪಿನ ಕಡೆ ಹೋಗ್ತದೆ. ಸ್ಕ್ರಬ್ಬಿಂಗ್ ಇಲ್ಲದ ಟಿಎಂಆರ್ ಅಂದ್ರೆ ಇದೇ, ಒಂದು ಏಟು ತಡ್ಕೊಳ್ತದೆ, ಎರಡನೇದ್ದಕ್ಕೆ ಬೀಳ್ತದೆ. ಎರಡೂ ಜೊತೆಗೆ ಬೇಕು.

ಇಲ್ಲಿ ಮಕ್ಕಳಿಗೆ ಒಂದು ಕಿವಿಮಾತು, ಪರೀಕ್ಷೆಗೆ ಬರುದಿಲ್ಲ ಆದ್ರೆ ಕೆಲಸಕ್ಕೆ ಬರ್ತದೆ. ನೀವು ಕಷ್ಟಪಟ್ಟು ಒಂದೇ ಲಾಜಿಕ್ ಮೂರು ಸಲ ಬರೀತೀರಿ. ನಿಮ್ಮ ಕೋಡನ್ನು ಸರ್ಕ್ಯೂಟ್ ಮಾಡಿ ಕೊಡುವ ಸಿಂಥೆಸಿಸ್ ಟೂಲ್ ಅದನ್ನು ನೋಡಿ "ಇದೆಂತ, ಮೂರೂ ಒಂದೇ ಅಲ್ವಾ" ಅಂತ ಎರಡನ್ನು ಎತ್ತಿ ಬಿಸಾಡ್ತದೆ! ಅದ್ರ ಕೆಲಸವೇ ಜಾಗ ಉಳಿಸುದು, ಅದಕ್ಕೆ ವಿಕಿರಣ ಗೊತ್ತಿಲ್ಲ. ತೆಗೀಬೇಡ ಅಂತ ಅಟ್ರಿಬ್ಯೂಟ್ ಹಾಕ್ಬೇಕು, ಹಾಕಿದ ಮೇಲೆ ಟೂಲ್ ಕಟ್ಟಿದ ಸರ್ಕ್ಯೂಟಿನ ಪಟ್ಟಿ ಆದ ನೆಟ್‌ಲಿಸ್ಟ್ ತೆರೆದು ಮೂರೂ ಉಂಟಾ ಅಂತ ಕಣ್ಣಲ್ಲಿ ನೋಡ್ಬೇಕು. ಸ್ಟೇಟ್ ಮೆಷಿನ್, ಅಂದ್ರೆ ಒಂದು ಹಂತದಿಂದ ಇನ್ನೊಂದಕ್ಕೆ ಲೆಕ್ಕ ಪ್ರಕಾರ ಹೋಗುವ ಸರ್ಕ್ಯೂಟ್, ಅದರ ಕತೆಯೂ ಹಾಗೇ. ಐದು ಸ್ಟೇಟ್ ಇದ್ರೆ ಮೂರು ಬಿಟ್ ಬೇಕು, ಮೂರು ಬಿಟ್ಟಿಗೆ ಎಂಟು ಜಾಗ, ಉಳಿದ ಮೂರಕ್ಕೆ ಹೋದ್ರೆ ವಾಪಸ್ ಬರುವ ದಾರಿಯನ್ನು ನೀವು ಕೋಡಿನಲ್ಲಿ ಬರೆದಿರ್ತೀರಿ, ಟೂಲ್ "ಅಲ್ಲಿಗೆ ಹೋಗ್ಲಿಕ್ಕೆ ದಾರಿಯೇ ಇಲ್ಲ" ಅಂತ ಅದನ್ನು ಅಳಿಸ್ತದೆ. ಕಣಕ್ಕೆ ದಾರಿ ಬೇಡ, ನೇರ ಅಲ್ಲಿಗೆ ಎತ್ತಿ ಹಾಕ್ತದೆ, ಮೆಷಿನ್ ಅಲ್ಲೇ ಕೂತುಬಿಡ್ತದೆ. ಸೇಫ್ ಸ್ಟೇಟ್ ಮೆಷಿನ್ ಅನ್ನುವ ಆಪ್ಷನ್ ಇರುದು ಇದಕ್ಕೇ, ಡಿಫಾಲ್ಟಾಗಿ ಆನ್ ಇರ್ತದೆ ಅಂತ ಭಾವಿಸ್ಬೇಡಿ.

ಇನ್ನು ನನಗೆ ತುಂಬ ಇಷ್ಟದ ಕತೆ, ಇಷ್ಟ ಅಂದ್ರೆ ಪಾಠ ಮಾಡ್ಲಿಕ್ಕೆ ಇಷ್ಟ, ಅನುಭವಿಸಿದವರಿಗೆ ಅಲ್ಲ. ನಾಸಾದ ವೈರ್ ಅನ್ನುವ ಸಣ್ಣ ಇನ್‌ಫ್ರಾರೆಡ್ ಟೆಲಿಸ್ಕೋಪ್, 1999ರ ಮಾರ್ಚ್ 4ಕ್ಕೆ ಹಾರಿತು. ಅದನ್ನು ತಂಪಾಗಿ ಇಡ್ಲಿಕ್ಕೆ ಗಟ್ಟಿ ಹೈಡ್ರೋಜನ್ ತುಂಬಿಸಿ, ಟೆಲಿಸ್ಕೋಪಿನ ಬಾಯಿಗೆ ಮುಚ್ಚಳ ಹಾಕಿದ್ರು. ಮೇಲೆ ಹೋಗಿ ಎಲ್ಲ ಸರಿ ಆದ ಮೇಲೆ ಸಣ್ಣ ಸಿಡಿಮದ್ದು ಸಿಡಿಸಿ ಮುಚ್ಚಳ ಬಿಚ್ಚುದು ಅಂತ ಲೆಕ್ಕ. ಆ ಸಿಡಿಸುವ ಬೋರ್ಡಿನಲ್ಲಿ ಇದ್ದದ್ದು ಆಕ್ಟೆಲ್‌ನ ಆಂಟಿಫ್ಯೂಸ್ ಎಫ್‌ಪಿಜಿಎ, ನಾನು ಆಗ ಹೇಳಿದೆನಲ್ಲ ಕಾನ್ಫಿಗರೇಶನ್ ಅಲುಗಾಡುದೇ ಇಲ್ಲ ಅಂತ, ಅದೇ ಜಾತಿ. ಬೋರ್ಡಿಗೆ ಪವರ್ ಕೊಟ್ರು. ಎಫ್‌ಪಿಜಿಎ ಎದ್ದು ಹದಕ್ಕೆ ಬರ್ಲಿಕ್ಕೆ ಸ್ವಲ್ಪ ಹೊತ್ತು ಬೇಕು, ಅಷ್ಟ್ರ ತನಕ ಅದರ ಔಟ್‌ಪುಟ್ ಎಂತ ಇರ್ತದೆ ಅಂತ ಭರವಸೆ ಇಲ್ಲ. ರೀಸೆಟ್ ಕ್ಲಾಕನ್ನು ನಂಬಿಕೊಂಡಿತ್ತು, ಕ್ಲಾಕಿನ ಕ್ರಿಸ್ಟಲ್ ಆಂದೋಲಕ ಕೂಡ ಎದ್ದೇಳ್ಲಿಕ್ಕೆ ನಿಧಾನ. ಆ ಸಂದಿಯಲ್ಲಿ ಔಟ್‌ಪುಟ್ ಮೇಲೆ ಹೋಯ್ತು, ಸಿಡಿಮದ್ದು ಸಿಡಿಯಿತು, ಮುಚ್ಚಳ ಹಾರಿತು, ಬಿಸಿಲೂ ಭೂಮಿಯ ಶಾಖವೂ ಒಳಗೆ ಬಂದು ಹೈಡ್ರೋಜನ್ ಆವಿಯಾಗಿ ಹೊರಗೆ ನುಗ್ಗಿ ಉಪಗ್ರಹವನ್ನೇ ಗಿರಗಿರ ತಿರುಗಿಸಿತು. ಮುಖ್ಯ ಕೆಲಸ ಶುರು ಆಗುವ ಮೊದ್ಲೇ ಮುಗೀತು. ಒಂದು ಕಣವೂ ಬಂದು ಹೊಡೀಲಿಲ್ಲ ಮಾರಾಯ್ರೆ! ವಿಕಿರಣಕ್ಕೆ ಜಗ್ಗದ ಜಾತಿಯ ಚಿಪ್ಪೇ, ಪವರ್ ಹಾಕಿದ ಕೂಡ್ಲೇ ಹೇಗೆ ವರ್ತಿಸ್ತದೆ ಅನ್ನುದನ್ನು ಲೆಕ್ಕಕ್ಕೆ ಹಿಡೀಲಿಲ್ಲ. ತನಿಖೆಯವರು ಬರೆದದ್ದೂ ಅದನ್ನೇ. ಆಮೇಲೆ ಅದರಲ್ಲಿ ಉಳಿದಿದ್ದ ಸ್ಟಾರ್ ಟ್ರ್ಯಾಕರಿನ ಪುಟ್ಟ ದುರ್ಬೀನು ಇಟ್ಟುಕೊಂಡು ನಕ್ಷತ್ರಗಳ ಕಂಪನ ಅಳೆದ್ರು, ಅದು ವಿಜ್ಞಾನಿಗಳ ಜುಗ್ಗತನ, ಮೆಚ್ಚಲೇಬೇಕು.

ಟೆಸ್ಟಿಂಗ್ ಬಗ್ಗೆ ಬೇಗ ಹೇಳಿ ಬಿಡ್ತೇನೆ. ಒಟ್ಟು ಡೋಸಿಗೆ ಕೋಬಾಲ್ಟ್-60ರ ಗಾಮಾ ಸಾಕು. ಇಲೆಕ್ಟ್ರಾನ್ ಏಟಿಗೆ ನಾವು ದೂರ ಹೋಗುದೇ ಬೇಡ, ಕೊಣಾಜೆಯಲ್ಲಿ ಮಂಗಳೂರು ಯೂನಿವರ್ಸಿಟಿಯ ಮೈಕ್ರೋಟ್ರಾನ್ ಅನ್ನುವ ಕಣ ಓಡಿಸುವ ಯಂತ್ರ ಉಂಟು, 8 ಎಂಇವಿ ಶಕ್ತಿಯ ಇಲೆಕ್ಟ್ರಾನ್ ಕೊಡ್ತದೆ, ಅದ್ರಲ್ಲಿ ಟ್ರಾನ್ಸಿಸ್ಟರು, ಡಯೋಡು, ಸೋಲಾರ್ ಸೆಲ್ ಇಟ್ಟು ಎಷ್ಟು ಸೊರಗ್ತದೆ ಅಂತ ನೋಡಿದ ಸಂಶೋಧನೆ ಎಷ್ಟೋ ಆಗಿದೆ. ಬಸ್ಸಲ್ಲಿ ಹೋಗಿ ಬರುವಷ್ಟು ಹತ್ರ ಇದ್ದೂ ನಮ್ಮ ಮಕ್ಕಳಲ್ಲಿ ಅರ್ಧ ಜನಕ್ಕೆ ಅದು ಇರುದೇ ಗೊತ್ತಿಲ್ಲ ಅನ್ನುದು ಬೇಸರ. ಆದ್ರೆ ಬಿಟ್ ತಿರುಗುದನ್ನು ನೋಡ್ಬೇಕಾದ್ರೆ ಇಲೆಕ್ಟ್ರಾನ್ ಸಾಲುದಿಲ್ಲ, ಭಾರದ ಅಯಾನ್ ಬೇಕು, ಅದಕ್ಕೆ ದಿಲ್ಲಿಯ ಪೆಲೆಟ್ರಾನ್‌ನಂಥ ಯಂತ್ರಕ್ಕೆ ಹೋಗ್ಬೇಕು, ಚಿಪ್ಪಿನ ಮೇಲಿನ ಹೊದಿಕೆ ಬಿಚ್ಚಿ ವ್ಯಾಕ್ಯೂಮಿನಲ್ಲಿ ಇಟ್ಟು ಓಡಿಸುತ್ತಾ ಹೊಡೀಬೇಕು, ಬೀಮ್ ಸಿಗುದಕ್ಕೆ ಕಾಯ್ಬೇಕು.

ನಮ್ಮ ದೇಶದ ಪರಿಸ್ಥಿತಿ? 1998ರ ಪೋಖ್ರಾನ್ ನಂತ್ರ ಅಮೆರಿಕ ಇಸ್ರೋ ಸಂಸ್ಥೆಗಳನ್ನು ನಿರ್ಬಂಧದ ಪಟ್ಟಿಗೆ ಹಾಕಿತು, ಕೊನೆಯವು ಆ ಪಟ್ಟಿಯಿಂದ ಹೊರಗೆ ಬಂದದ್ದು 2011ರ ಜನವರಿಯಲ್ಲಿ. ಇವತ್ತೂ ಇಂಥ ಚಿಪ್ಪು ಬೇಕಾದ್ರೆ ಲೈಸೆನ್ಸ್, ಕಾಗದ ಪತ್ರ, ಕಾಯುದು. ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ 180 ನ್ಯಾನೋಮೀಟರಿನಲ್ಲಿ ವಿಕ್ರಮ್ 3201 ಅನ್ನುವ 32 ಬಿಟ್ ಪ್ರೊಸೆಸರ್ ಮಾಡಿ 2025ರಲ್ಲಿ ಇಸ್ರೋಗೆ ಕೊಟ್ಟಿದ್ದಾರೆ, ರಾಕೆಟ್ಟಿನ ಏವಿಯಾನಿಕ್ಸಿಗೆ, ಅಂದ್ರೆ ಹಾರಾಟ ನಡೆಸುವ ಇಲೆಕ್ಟ್ರಾನಿಕ್ಸಿಗೆ. 180 ನ್ಯಾನೋಮೀಟರ್ ಅಂದ್ರೆ ಹಳೇ ಕಾಲದ್ದು ಅಂತ ಸೋಶಿಯಲ್ ಮೀಡಿಯಾದಲ್ಲಿ ನಗಾಡಿದವರು ತುಂಬ ಜನ, ರಾಕೆಟ್ಟಿಗೆ ಸಿನಿಮಾ ನೋಡ್ಲಿಕ್ಕಿಲ್ಲ, ದೊಡ್ಡ ಟ್ರಾನ್ಸಿಸ್ಟರಿನಲ್ಲಿ ಬಿಟ್ ತಿರುಗಿಸ್ಲಿಕ್ಕೆ ಹೆಚ್ಚು ಚಾರ್ಜ್ ಬೇಕು, ಅದು ಅನುಕೂಲವೇ. ಆದ್ರೆ ದೊಡ್ಡ ಎಫ್‌ಪಿಜಿಎ ಅದರಲ್ಲಿ ಹಿಡಿಸುದು ಕಷ್ಟ, ಅಲ್ಲಿ ನಾವಿನ್ನೂ ಹೊರಗಿನವರ ಮುಖ ನೋಡ್ಬೇಕು.

ಕೊನೆಗೆ ಒಬ್ಳು ಹುಡುಗಿ ಕೇಳಿದ ಪ್ರಶ್ನೆ ತುಂಬ ಚಂದ ಇತ್ತು: "ಸಾರ್, ನಮ್ಮ ಕಾಲೇಜಿನ ಪುಟ್ಟ ಉಪಗ್ರಹಕ್ಕೆ, ಕ್ಯೂಬ್‌ಸ್ಯಾಟಿಗೆ, ಸ್ಪೇಸ್ ಗ್ರೇಡ್ ಚಿಪ್ ತಕೊಳ್ಳುವಷ್ಟು ದುಡ್ಡಿಲ್ಲ, ಅಂಗಡಿಯ ಎಫ್‌ಪಿಜಿಎ ಹಾಕ್ಬಹುದಾ?" ಹಾಕಮ್ಮ. ಸುಮಾರು 500 ಕಿ.ಮೀ. ಎತ್ತರದಲ್ಲಿ ಒಂದೆರಡು ವರ್ಷಕ್ಕೆ ಒಟ್ಟು ಡೋಸ್ ಕೆಲವೇ ಕಿಲೋರ್ಯಾಡ್, ಹೆಚ್ಚಿನ ಚಿಪ್ಪು ತಡ್ಕೊಳ್ತದೆ. ನಿನ್ನ ಮೊದಲ ಶತ್ರು ಲ್ಯಾಚಪ್. ಆ ಮಾಡೆಲ್ ಚಿಪ್ಪನ್ನು ಯಾರಾದ್ರೂ ಬೀಮಿಗೆ ಹಿಡಿದು ವರದಿ ಬರೆದಿದ್ದಾರಾ ಅಂತ ಹುಡುಕು, ನಾಸಾ ಮತ್ತು ಯುರೋಪಿನ ಏಜೆನ್ಸಿಯ ಟೆಸ್ಟ್ ವರದಿಗಳು ಬಿಟ್ಟಿಗೆ ಸಿಗ್ತದೆ, ಲ್ಯಾಚಪ್ ಕಂಡಿದ್ರೆ ಬೇರೆ ಚಿಪ್ ನೋಡು. ಮತ್ತೆ ಪ್ರತಿ ಸಪ್ಲೈ ಗೆರೆಗೂ ಕರೆಂಟ್ ಲಿಮಿಟರ್ ಇಡು, ಏರಿದ ಕೂಡ್ಲೆ ಕಟ್ ಮಾಡಿ ಸ್ವಲ್ಪ ಬಿಟ್ಟು ಮತ್ತೆ ಹಾಕುವ ಹಾಗೆ, ಆ ಕಟ್ ಮಾಡುವ ಸರ್ಕ್ಯೂಟ್ ಅದೇ ಎಫ್‌ಪಿಜಿಎಯ ಒಳಗೆ ಇರ್ಬಾರ್ದು. ಹೊರಗೆ ಒಂದು ವಾಚ್‌ಡಾಗ್, ಚಿಪ್ ಸ್ತಬ್ಧ ಆದ್ರೆ ರೀಸೆಟ್ ಮಾಡುವ ಕಾವಲುಗಾರ. ಕಾನ್ಫಿಗರೇಶನ್ ಫೈಲಿನ ಎರಡು ಪ್ರತಿ ಇಡು, ಮೇಲಿಂದ ಹೊಸದು ಕಳಿಸುವಾಗ ಹಳೇ ಒಂದನ್ನು ಮುಟ್ಟದೇ ಬಿಡು, ಹೊಸದು ಏಳದಿದ್ರೆ ತಾನಾಗಿ ಹಳೆಯದಕ್ಕೆ ಹೋಗ್ಲಿ.

"ಆಂಟೆನಾ ಬಿಚ್ಚುವ ಸಿಗ್ನಲ್ ಕೂಡ ಅದೇ ಎಫ್‌ಪಿಜಿಎಯಿಂದ ಬರುದು ಸಾರ್" ಅಂದ್ಳು. ಹಾಗಾದ್ರೆ ಆ ಗೆರೆಗೆ ಪುಲ್‌ಡೌನ್ ರೆಸಿಸ್ಟರ್ ಹಾಕು, ಎಫ್‌ಪಿಜಿಎ ಏಳುವ ತನಕ ಗೆರೆ ಕೆಳಗೇ ಇರ್ಬೇಕು, ಮತ್ತೆ ಒಂದೇ ಗೆರೆಗೆ ಬಿಡ್ಬೇಡ, ಸಜ್ಜು ಮಾಡುವ ಗೆರೆ ಬೇರೆ, ಬಿಚ್ಚುವ ಗೆರೆ ಬೇರೆ, ಎರಡೂ ಬೇರೆ ಬೇರೆ ಚಿಪ್ಪಿಂದ ಬರ್ಲಿ, ಮತ್ತೆ ಪವರ್ ಆನ್ ಆಗುವ ಮೊದಲ ಕೆಲವು ಮಿಲಿಸೆಕೆಂಡ್ ಆ ಪಿನ್ನಿನಲ್ಲಿ ಎಂತ ಆಗ್ತದೆ ಅಂತ ಆಸಿಲೋಸ್ಕೋಪ್ ಹಾಕಿ ನೋಡು, ಕೋಣೆಯ ಬಿಸಿಯಲ್ಲಿ ಒಮ್ಮೆ, ಮೈನಸ್ ಇಪ್ಪತ್ತರಲ್ಲಿ ಇಟ್ಟು ಇನ್ನೊಮ್ಮೆ. ಅವಳು ಅದನ್ನು ಫೋನಲ್ಲಿ ಟೈಪ್ ಮಾಡಿಕೊಂಡ್ಳು, ಪಕ್ಕದ ಹುಡುಗ "ಸಿಮ್ಯುಲೇಶನ್ನಲ್ಲಿ ಸರಿ ಬಂದ್ರೆ ಸಾಕಲ್ವಾ ಸಾರ್" ಅಂತ ಕೇಳಿದ. ಸಾಕಾಗುದಿಲ್ಲ, ಸಿಮ್ಯುಲೇಶನ್ನಿನಲ್ಲಿ ಕ್ರಿಸ್ಟಲ್ ಮೊದಲ ಕ್ಷಣದಿಂದಲೇ ಓಡ್ತಾ ಇರ್ತದೆ.